ಹಾಜರಿ ಕೂಗಿದರೂ ಓಗೊಡದ ಲಾರಿನ್ ಹಿಲ್

ಶಾಲೆಯ ಗಂಟೆ ಬಾರಿಸುತ್ತದೆ. ಮೇಷ್ಟ್ರು ಹಾಜರಿ ಕೂಗುತ್ತಾರೆ, ಮಕ್ಕಳು ಒಬ್ಬೊಬ್ಬರಾಗಿ ಓಗೊಡುತ್ತಾರೆ. 'ಲಾರಿನ್ ಹಿಲ್' ಎಂಬ ಹೆಸರು ಬಂದಾಗ ಮಾತ್ರ ಉತ್ತರವಿಲ್ಲ. ಮೇಷ್ಟ್ರು ಇನ್ನೊಮ್ಮೆ ಕೂಗುತ್ತಾರೆ. ಹುಡುಗಿ ಬಂದಿಲ್ಲ.

ಅಮೆರಿಕದ ಗಾಯಕಿ ಲಾರಿನ್ ಹಿಲ್ ಅವರ, 1998ರ ಆಗಸ್ಟ್ 25ರಂದು ಬಿಡುಗಡೆಯಾದ ಆಲ್ಬಂ 'ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್' ಶುರುವಾಗುವುದು ಹೀಗೆ. ಮೇಷ್ಟ್ರ ದನಿ ರಾಸ್ ಬರಾಕಾ ಅವರದು. ಕವಿಯೂ ಶಿಕ್ಷಕರೂ ಆಗಿದ್ದ ಅವರು ಮುಂದೆ 2014ರಲ್ಲಿ ನ್ಯೂಜೆರ್ಸಿಯ ನೆವಾರ್ಕ್ ನಗರಕ್ಕೆ ಮೇಯರ್ ಆದರು. ಹಾಡುಗಳ ನಡುನಡುವೆ ಅವರು ಮಕ್ಕಳನ್ನು ಕೂರಿಸಿಕೊಂಡು ಪ್ರೀತಿ ಅಂದರೇನು ಎಂದು ಕೇಳುತ್ತಾರೆ, ಮಕ್ಕಳು ತಮಗೆ ತೋಚಿದ್ದನ್ನು ಹೇಳುತ್ತಾರೆ. ಆ ಪಾಠಕ್ಕೆ ಗೈರಾದ ಹುಡುಗಿ ಬದುಕಿನಿಂದ ನೇರವಾಗಿ ಕಲಿತದ್ದೇ ಹಾಡುಗಳಾಗಿ ಬರುತ್ತದೆ.

ಆಗ ಲಾರಿನ್ ಅವರಿಗೆ 23 ವರ್ಷ. ಕಾಲು ಶತಮಾನ ದಾಟಿದರೂ ಎರಡನೇ ಸ್ಟುಡಿಯೊ ಆಲ್ಬಂ ಬಂದಿಲ್ಲ. 2024ರ ಮೇ ತಿಂಗಳಲ್ಲಿ ಆಪಲ್ ಮ್ಯೂಸಿಕ್ ತನ್ನ ನೂರು ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಆ ಒಂದೇ ಆಲ್ಬಂಗೆ ಮೊದಲ ಸ್ಥಾನ ಕೊಟ್ಟಿತು. ಅದೇ ಆಗಸ್ಟಿನಲ್ಲಿ, ಹಳೆಯ ತಂಡ ಫ್ಯೂಜೀಸ್ ಜೊತೆ ಹೊರಡಬೇಕಿದ್ದ ಅವರ ಅಮೆರಿಕ ಪ್ರವಾಸ ಇನ್ನೇನು ಶುರುವಾಗಬೇಕು ಎನ್ನುವಾಗ ರದ್ದಾಯಿತು. ಪತ್ರಿಕೆಗಳ ರೋಚಕ ತಲೆಬರಹಗಳಿಂದ ಟಿಕೆಟ್ ಮಾರಾಟಕ್ಕೆ ಪೆಟ್ಟು ಬಿತ್ತು ಎಂದು ಲಾರಿನ್ ಹೇಳಿದರು. ಅಕ್ಟೋಬರಿನಲ್ಲಿ ತಂಡದ ಗೆಳೆಯ ಪ್ರಾಸ್, ಲಾರಿನ್ ಅವರ ಮೇಲೆ ಕೋರ್ಟಿಗೆ ಹೋದರು. ಒಂದೇ ವರ್ಷದಲ್ಲಿ ಸಾರ್ವಕಾಲಿಕ ಶ್ರೇಷ್ಠೆ ಎಂಬ ಪಟ್ಟವೂ ಬಂತು, ನಂಬಿ ಟಿಕೆಟ್ ಕೊಂಡವರ ಸಿಟ್ಟೂ ಬಂತು.

ಈ ಜಗಳದಲ್ಲಿ ಹಲವು ದೂರುಗಳು ಕಲಸಿಹೋಗಿವೆ. ಎರಡನೇ ಆಲ್ಬಂ ಕೊಡಲಿಲ್ಲ, ಹಳೆಯ ಹಾಡುಗಳನ್ನು ಗುರುತು ಸಿಗದ ಹಾಗೆ ಬದಲಿಸಿ ಹಾಡುತ್ತಾರೆ, ಗಂಟೆಗಟ್ಟಲೆ ತಡವಾಗಿ ವೇದಿಕೆಗೆ ಬರುತ್ತಾರೆ, ಜೊತೆಗೆ ದುಡಿದವರಿಗೆ ಹೆಸರು ಕೊಡಲಿಲ್ಲ. ಎಲ್ಲವನ್ನೂ ಒಂದೇ ಗಂಟು ಕಟ್ಟಿ ಅಹಂಕಾರ ಎನ್ನುವವರು ಒಂದು ಕಡೆ. ಪ್ರತಿಭಾವಂತರು ಇರುವುದೇ ಹಾಗೆ ಎಂದು ಎಲ್ಲವನ್ನೂ ಮನ್ನಿಸುವವರು ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಇವುಗಳಲ್ಲಿ ಕೆಲವು ನಿಜಕ್ಕೂ ಬೇರೆಯವರಿಗೆ ಆದ ಅನ್ಯಾಯ. ಇನ್ನು ಕೆಲವನ್ನು ಕೇಳುವ ಹಕ್ಕೇ ನಮಗಿಲ್ಲ. ಗಂಟು ಬಿಚ್ಚಿ ಒಂದೊಂದನ್ನೇ ನೋಡಬೇಕು.

ಮೊದಲು ಆ ದನಿ. 1975ರಲ್ಲಿ ಹುಟ್ಟಿದ ಲಾರಿನ್ ಬೆಳೆದದ್ದು ನ್ಯೂಜೆರ್ಸಿಯ ಸೌತ್ ಆರೆಂಜ್‌ನಲ್ಲಿ. ಮನೆಯ ನೆಲಮಾಳಿಗೆಯಲ್ಲಿ ತಾಯಿಯ ಹಳೆಯ ರೆಕಾರ್ಡುಗಳ ರಾಶಿ ಸಿಕ್ಕಿದ ಮೇಲೆ ಅರವತ್ತು ಎಪ್ಪತ್ತರ ದಶಕದ ಸೋಲ್ ಸಂಗೀತವೇ ಅವರ ಪಾಠಶಾಲೆಯಾಯಿತು. 13ರ ವಯಸ್ಸಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಅಪೊಲೊ ರಂಗಮಂದಿರದ ಸ್ಪರ್ಧೆಯಲ್ಲಿ ಹಾಡಲು ನಿಂತಾಗ ಮೈಕಿನಿಂದ ದೂರ ನಿಂತಿದ್ದರು, ದನಿ ಕೇಳಿಸಲಿಲ್ಲ. ಸಭೆ ಹುಯ್ಯೋ ಎಂದಿತು. ಹುಡುಗಿ ಮೈಕ್ ಹತ್ತಿರಕ್ಕೆ ಬಂದು ಹಾಡನ್ನು ಕೊನೆಯವರೆಗೂ ಹಾಡಿ ಮುಗಿಸಿದಳು. ಕೇಳುಗರ ಜೊತೆಗಿನ ಅವರ ಲೆಕ್ಕಾಚಾರ ಅಲ್ಲಿಂದಲೇ ಶುರುವಾಗಿರಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಸೋಲ್ ಎಂಬುದು ಕಪ್ಪು ಜನರ ಚರ್ಚಿನಲ್ಲಿ ಹುಟ್ಟಿ ಬೀದಿಗೆ ಬಂದ ಹಾಡು. ದೇವರ ಮುಂದೆ ಹೇಳಿಕೊಳ್ಳುವ ಸಂಕಟವನ್ನು ಅಲ್ಲಿ ಪ್ರಿಯಕರನ ಮುಂದೆ, ಊರ ಮುಂದೆ ಹೇಳಿಕೊಳ್ಳುತ್ತಾರೆ. ಹಾಡುವವರು ನಟಿಸುತ್ತಿಲ್ಲ, ಒಳಗಿದ್ದದ್ದನ್ನೇ ತೋಡಿಕೊಳ್ಳುತ್ತಿದ್ದಾರೆ ಎಂಬ ನಂಬಿಕೆ ಕೇಳುಗರದು. ಲಾರಿನ್ ಈ ಸಂಪ್ರದಾಯವನ್ನೂ ಹಿಪ್‌ಹಾಪ್‌ನ ಮಾತಿನ ವೇಗವನ್ನೂ ಒಂದೇ ಗಂಟಲಲ್ಲಿ ಹಿಡಿದರು. ಒಂದು ಚರಣದಲ್ಲಿ ರ‍್ಯಾಪ್, ಮರು ಚರಣದಲ್ಲಿ ಎದೆಯಾಳದಿಂದ ಬರುವ, ಅಂಚು ತುಸು ಒರಟಾದ ಹಾಡು. 'ಎಕ್ಸ್-ಫ್ಯಾಕ್ಟರ್' ಕೇಳಿ ನೋಡಿ. ಹಾಡಿನ ಮೊದಲರ್ಧದಲ್ಲಿ ಒಬ್ಬಳೇ ಹೆಂಗಸು ವಾದ ಮಾಡುತ್ತಿರುತ್ತಾಳೆ. ಬರುಬರುತ್ತಾ ಅವಳದೇ ದನಿ ಪದರ ಪದರವಾಗಿ ಸೇರಿ ಒಂದು ಮೇಳವಾಗುತ್ತದೆ. ಕೊನೆಗೆ ಮಾತು ಸಾಲದೆ ಗಿಟಾರ್ ಮುಂದುವರಿಸುತ್ತದೆ.

ಆ ಆಲ್ಬಂನ ಒಂದಷ್ಟು ಭಾಗ ಧ್ವನಿಮುದ್ರಣವಾದದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ಬಾಬ್ ಮಾರ್ಲಿ ಕಟ್ಟಿದ ಟಫ್ ಗಾಂಗ್ ಸ್ಟುಡಿಯೊದಲ್ಲಿ. ಆ ಕಾಲದಲ್ಲೇ ಬಾಬ್ ಮಾರ್ಲಿಯ ಮಗ ರೋಹನ್ ಅವರಿಂದ ಲಾರಿನ್‌ಗೆ ಮೊದಲ ಮಗು ಝಯಾನ್ ಹುಟ್ಟಿತು. ಈಗ ಮಗು ಬೇಡ, ವೃತ್ತಿ ನೋಡಿಕೋ ಎಂದವರಿದ್ದರು. ಆ ಮಾತಿಗೆ ಕೊಟ್ಟ ಉತ್ತರವೇ 'ಟು ಝಯಾನ್' ಎಂಬ ಹಾಡು. ಅದಕ್ಕೆ ಗಿಟಾರ್ ನುಡಿಸಿದ್ದು ಕಾರ್ಲೋಸ್ ಸಂಟಾನ. ಆಲ್ಬಂ ಮೊದಲ ವಾರದಲ್ಲೇ 4,22,000 ಪ್ರತಿ ಮಾರಾಟವಾಯಿತು. 1999ರ ಫೆಬ್ರವರಿಯಲ್ಲಿ 10 ಗ್ರ್ಯಾಮಿ ನಾಮನಿರ್ದೇಶನಗಳಲ್ಲಿ 5 ಗೆದ್ದಿತು. ವರ್ಷದ ಆಲ್ಬಂ ಪ್ರಶಸ್ತಿ ಹಿಪ್‌ಹಾಪ್ ಲೋಕದವರೊಬ್ಬರಿಗೆ ಸಿಕ್ಕಿದ್ದು ಅದೇ ಮೊದಲು.

ಆದರೆ ಪ್ರಶಸ್ತಿ ಬರುವ ಹೊತ್ತಿಗಾಗಲೇ ಮೊಕದ್ದಮೆ ಬಿದ್ದಾಗಿತ್ತು. ಆಲ್ಬಂನಲ್ಲಿ ದುಡಿದ ನ್ಯೂ ಆರ್ಕ್ ಎಂಬ ತಂಡದ ಸಂಗೀತಗಾರರು, ಬಹುಪಾಲು ಹಾಡುಗಳ ರಚನೆಯಲ್ಲಿ ತಮ್ಮ ಪಾಲಿದ್ದರೂ ಹೆಸರು ಕೊಟ್ಟಿಲ್ಲ ಎಂದು 1998ರ ನವೆಂಬರಿನಲ್ಲಿ ಕೋರ್ಟಿಗೆ ಹೋದರು. 2001ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು.

ಹೆಸರಿಗಾಗಿ ಇಷ್ಟು ಜಗಳವೇ ಎಂದು ಕೇಳುವವರಿಗೆ ಆ ಉದ್ಯಮದ ಲೆಕ್ಕ ಗೊತ್ತಿರಬೇಕು. ಅಮೆರಿಕದಲ್ಲಿ ಒಂದು ಹಾಡಿಗೆ ಎರಡು ಹಕ್ಕುಗಳಿವೆ. ಧ್ವನಿಮುದ್ರಣದ ಹಕ್ಕು ಒಂದು, ರಚನೆಯ ಹಕ್ಕು ಇನ್ನೊಂದು. ಕೂಲಿಗೆ ಬಂದು ನುಡಿಸಿದವರಿಗೆ ಸಾಮಾನ್ಯವಾಗಿ ಆ ದಿನದ ಸಂಬಳ ಸಿಗುತ್ತದೆ, ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ರಚನಾಕಾರರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಆ ಹಾಡು ಎಲ್ಲಿ ಯಾವ ರೂಪದಲ್ಲಿ ಬಳಕೆಯಾದರೂ ಪಾಲು ಬರುತ್ತಲೇ ಇರುತ್ತದೆ. 'ಎಕ್ಸ್-ಫ್ಯಾಕ್ಟರ್' ಹಾಡನ್ನೇ ತೆಗೆದುಕೊಳ್ಳಿ. ಅದರ ಒಳಗೆ ವೂ-ಟ್ಯಾಂಗ್ ಕ್ಲ್ಯಾನ್ ತಂಡದ ಹಾಡೊಂದರ ತುಣುಕಿದೆ, ಆ ತುಣುಕಿನ ಒಳಗೆ ಎಪ್ಪತ್ತರ ದಶಕದ ಗ್ಲ್ಯಾಡಿಸ್ ನೈಟ್ ದನಿಯಿದೆ. ಇಪ್ಪತ್ತು ವರ್ಷ ಕಳೆದು 2018ರಲ್ಲಿ ಕೆನಡಾದ ಡ್ರೇಕ್ ಲಾರಿನ್ ಅವರ ದನಿಯನ್ನೇ ಎತ್ತಿಕೊಂಡು ತನ್ನ ಹಾಡಿಗೆ ಬಳಸಿದ, ಅದು ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ಒಂದು ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದು ಇಷ್ಟು ದೂರ ಬರುತ್ತದೆ.

2018ರಲ್ಲಿ ಪಿಯಾನೊ ವಾದಕ ರಾಬರ್ಟ್ ಗ್ಲಾಸ್ಪರ್ ರೇಡಿಯೊ ಸಂದರ್ಶನವೊಂದರಲ್ಲಿ ಹಳೆಯ ಗಾಯವನ್ನು ಮತ್ತೆ ಕೆದಕಿದರು. 2008ರಲ್ಲಿ ಲಾರಿನ್ ಜೊತೆ ಕೆಲಸ ಮಾಡಿದ್ದ ಅವರು, ವಾದಕರನ್ನು ನಡೆಸಿಕೊಂಡ ರೀತಿ, ಸಂಬಳ ಕಡಿತದ ಮಾತು, ಬೇರೆಯವರ ಸಂಗೀತದಿಂದ ಪಡೆದ ಹೆಸರು ಎಲ್ಲವನ್ನೂ ಎತ್ತಿ ಆಡಿದರು. ಲಾರಿನ್ ದೀರ್ಘ ಲೇಖನ ಬರೆದು ಉತ್ತರಿಸಿದರು. ಕಟ್ಟುವವರು ಹಲವರಿದ್ದರು, ಆದರೆ ಕಲ್ಪನೆ ತನ್ನದು ಎಂಬುದು ಅದರ ತಿರುಳು. ನಾನು ಈ ಉತ್ತರವನ್ನು ಅರ್ಧ ಒಪ್ಪುತ್ತೇನೆ. ಆ ಆಲ್ಬಂನ ಉದ್ದಕ್ಕೂ ಹರಿಯುವ ಮನಸ್ಸು ಒಬ್ಬರದೇ, ಅದು ಕೇಳಿದರೇ ತಿಳಿಯುತ್ತದೆ. ಗಂಡಸರು ತುಂಬಿದ ಸ್ಟುಡಿಯೊದಲ್ಲಿ 22ರ ಹೆಂಗಸು ತಾನೇ ನಿರ್ಮಾಪಕಿ ಎಂದರೆ ಹಿಂದೆ ಯಾವ ಗಂಡಸಿದ್ದಾನೆ ಎಂದು ಹುಡುಕುವ ಕಾಲ ಅದು, ಹಾಗಾಗಿ ಎಲ್ಲ ಕಡೆ ತನ್ನ ಹೆಸರೇ ಇರಲಿ ಎಂದು ಅವರು ಹಟ ಹಿಡಿದದ್ದೂ ಅರ್ಥವಾಗುತ್ತದೆ. ಅರ್ಥವಾಯಿತು ಎಂದ ಮಾತ್ರಕ್ಕೆ ನ್ಯೂ ಆರ್ಕ್ ತಂಡದ ಆ ಹುಡುಗರ ಪಾಲು ಇಲ್ಲವಾಗುವುದಿಲ್ಲ. ಕೇಳುಗರ ದೂರುಗಳಿಗಿಂತ ಇದು ತೂಕದ ದೂರು, ಮತ್ತು ಇದರ ಬಗ್ಗೆಯೇ ಜನ ಕಡಿಮೆ ಮಾತಾಡುತ್ತಾರೆ.

ಮೊಕದ್ದಮೆ ನಡೆದ ವರ್ಷಗಳಲ್ಲಿ ಲಾರಿನ್ ಸಾರ್ವಜನಿಕ ಬದುಕಿನಿಂದ ಹಿಂದೆ ಸರಿದರು. 2001ರ ಜುಲೈ 21ರಂದು ನ್ಯೂಯಾರ್ಕಿನ ಎಮ್‌ಟಿವಿ ಸ್ಟುಡಿಯೊದಲ್ಲಿ ಒಂದು ಗಿಟಾರ್ ಹಿಡಿದು ಒಬ್ಬರೇ ಕೂತರು. ಗಿಟಾರ್ ಆಗಷ್ಟೇ ಕಲಿತದ್ದು, ದನಿ ಕಟ್ಟಿತ್ತು, ಹಾಡುಗಳು ಬಹುಪಾಲು ಯಾರೂ ಕೇಳಿರದ ಹೊಸವು. ಮುಂದಿನ ವರ್ಷ ಅದು 'ಎಮ್‌ಟಿವಿ ಅನ್‌ಪ್ಲಗ್ಡ್ ನಂ. 2.0' ಎಂದು ಎರಡು ಸಿಡಿಗಳಲ್ಲಿ ಬಂತು. ಕೇಳುಗರು ಇಬ್ಭಾಗವಾದದ್ದು ಇಲ್ಲಿಯೇ. ಮಾನಸಿಕ ಕುಸಿತವನ್ನು ಧ್ವನಿಮುದ್ರಿಸಿ ಮಾರುತ್ತಿದ್ದಾರೆ ಎಂದು ವಿಮರ್ಶಕರು ಬರೆದರು.

ಗೆಳೆಯನೊಬ್ಬ ಬರೆದುಕೊಟ್ಟ ಸಿಡಿಯಲ್ಲಿ ನಾನು ಇದನ್ನು ಮೊದಲು ಕೇಳಿದಾಗ ಅರ್ಧಕ್ಕೇ ನಿಲ್ಲಿಸಿದ್ದೆ. ತಾಳ ಜಾರುತ್ತದೆ, ಹಾಡು ನಿಲ್ಲಿಸಿ ಮಾತಿಗೆ ತೊಡಗುತ್ತಾರೆ, ಆ ಮಾತು ಪ್ರವಚನದ ಹಾಗೆ ನಿಮಿಷಗಟ್ಟಲೆ ಸಾಗುತ್ತದೆ. ವರ್ಷಗಳಾದ ಮೇಲೆ ಒಂದು ರಾತ್ರಿ ಪೂರ್ತಿ ಕೂತು ಕೇಳಿದೆ. ಒಂಬತ್ತು ನಿಮಿಷ ದಾಟುವ, ಮನಃಶಾಂತಿಗಾಗಿ ಹಂಬಲಿಸುವ ಹಾಡೊಂದಿದೆ ಅದರಲ್ಲಿ. ಗಿಟಾರ್ ಅದೇ ಕೆಲವು ಸ್ವರಗಳನ್ನು ಸುತ್ತುತ್ತಿರುತ್ತದೆ. ದನಿ ಮೊದಲು ಸಣ್ಣಗೆ ಒಡೆಯುತ್ತದೆ, ಮತ್ತೆ ಹಿಡಿದುಕೊಳ್ಳುತ್ತದೆ, ಕೊನೆಕೊನೆಗೆ ಅಳು ನುಗ್ಗಿ ಬಂದು ಅಕ್ಷರಗಳು ಅರ್ಧಕ್ಕೇ ನಿಲ್ಲುತ್ತವೆ. ಆದರೂ ಕೈ ಗಿಟಾರ್ ಬಿಡುವುದಿಲ್ಲ. ಅಳುವವರ ಕೈ ಹಾಗೆ ಲಯ ಹಿಡಿದು ನಡೆಯುತ್ತಿರುವುದನ್ನು ಕೇಳಿದಾಗ, ಕುಸಿತ ಎಂದವರು ಸರಿಯಾಗಿ ಕಿವಿಗೊಟ್ಟಿರಲಿಲ್ಲ ಅನ್ನಿಸಿತು. ಜನರಿಗೆ ಬೇಕಿರುವುದು ಭ್ರಮೆ, ಅಗತ್ಯವಿರುವುದು ವಾಸ್ತವ, ಭ್ರಮೆಯ ಕೆಲಸದಿಂದ ತಾನು ನಿವೃತ್ತಿ ಪಡೆದಿದ್ದೇನೆ ಎಂದು ಲಾರಿನ್ ಅಲ್ಲಿ ಹಾಡುಗಳ ನಡುವೆ ಹೇಳುತ್ತಾರೆ.

ಅದೇ ಸಂಜೆಯ ಇನ್ನೊಂದು ಹಾಡು ಅಮದೂ ಡಿಯಾಲೊ ಕುರಿತದ್ದು. 1999ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೊಲೀಸರು ಗಿನಿಯಿಂದ ವಲಸೆ ಬಂದಿದ್ದ ಆ ನಿರಾಯುಧ ಯುವಕನ ಮೇಲೆ, ಅವನ ಮನೆಬಾಗಿಲಲ್ಲೇ, 41 ಗುಂಡು ಹಾರಿಸಿದ್ದರು. ಪೊಲೀಸ್ ಹಿಂಸೆಯ ವಿರುದ್ಧ ಅಮೆರಿಕದ ಬೀದಿಗಳು ತುಂಬುವುದಕ್ಕೆ ಎಷ್ಟೋ ವರ್ಷ ಮೊದಲು, ಪ್ರೇಮಗೀತೆಗಳಿಗಾಗಿ ಕಾದಿದ್ದ ಸಭೆಗೆ ಅವರು ಇದನ್ನು ಕೇಳಿಸಿದರು. 2003ರ ಡಿಸೆಂಬರಿನಲ್ಲಿ ವ್ಯಾಟಿಕನ್‌ನ ಕ್ರಿಸ್ಮಸ್ ಕಛೇರಿಗೆ ಕರೆದಾಗ, ಪಾದ್ರಿಗಳಿಂದ ಲೈಂಗಿಕ ಶೋಷಣೆಗೆ ಒಳಗಾದವರ ಪರವಾಗಿ, ಮುಂದೆ ಕೂತಿದ್ದ ಧರ್ಮಗುರುಗಳಿಗೇ ಪಶ್ಚಾತ್ತಾಪ ಪಡಿ ಎಂದರು. ಸಭ್ಯತೆ ಮೀರಿದರು ಎಂದು ಅನೇಕರು ಬೇಸರಪಟ್ಟುಕೊಂಡರು. ನಾನಂತೂ ಆ ಮಾತಿಗೆ ತಲೆಬಾಗುತ್ತೇನೆ. ಒಳಗಿದ್ದದ್ದನ್ನು ಹೇಳುತ್ತಾರೆ ಎಂಬ ಕಾರಣಕ್ಕೇ ಅವರನ್ನು ಮೆಚ್ಚಿದವರು, ಒಳಗಿದ್ದದ್ದು ಬದಲಾದಾಗ ಹಳೆಯದನ್ನೇ ಹೇಳು ಅಂದರೆ ಅದು ಮೆಚ್ಚುಗೆಯ ಮಾತಲ್ಲ.

ಹಾಗಾದರೆ ಎರಡನೇ ಆಲ್ಬಂ? ಮೊದಲ ಸಲ ತನಗೆ ಹುಡುಕಾಡುವ ಸ್ವಾತಂತ್ರ್ಯವಿತ್ತು, ಯಶಸ್ಸಿನ ನಂತರ ಸುತ್ತಲೂ ಅಡ್ಡಿ, ರಾಜಕೀಯ, ವಿಪರೀತ ನಿರೀಕ್ಷೆಗಳೇ ತುಂಬಿಕೊಂಡವು ಎಂದು 2021ರ ಸಂದರ್ಶನವೊಂದರಲ್ಲಿ ಅವರು ಹೇಳಿಕೊಂಡರು. ಇನ್ನೊಂದು ಆಲ್ಬಂ ಮಾಡಲು ಏನು ಸಹಾಯ ಬೇಕು ಎಂದು ರೆಕಾರ್ಡಿಂಗ್ ಕಂಪನಿಯವರು ಒಮ್ಮೆಯೂ ಕೇಳಲಿಲ್ಲವಂತೆ. ಪುಟ್ಟ ಮಕ್ಕಳು, ಮೊಕದ್ದಮೆ, ಸುತ್ತಲೂ ತನ್ನನ್ನು ನಂಬಿ ಹೊಟ್ಟೆ ಹೊರೆಯುವ ಜನ. 2012ರಲ್ಲಿ ತೆರಿಗೆಯ ಪ್ರಕರಣ ಬಂತು. 2005ರಿಂದ 2007ರವರೆಗಿನ, 18 ಲಕ್ಷ ಡಾಲರಿಗೂ ಮೀರಿದ ಆದಾಯಕ್ಕೆ ಲೆಕ್ಕ ಸಲ್ಲಿಸದ ತಪ್ಪಿಗೆ 2013ರಲ್ಲಿ ಕನೆಕ್ಟಿಕಟ್‌ನ ಡ್ಯಾನ್‌ಬರಿ ಜೈಲಿನಲ್ಲಿ ಸುಮಾರು ಮೂರು ತಿಂಗಳು ಕಳೆದರು. ತಪ್ಪು ತಪ್ಪೇ, ಅವರು ಒಪ್ಪಿಕೊಂಡರು, ಶಿಕ್ಷೆ ಅನುಭವಿಸಿದರು.

ಆದರೆ ಆಲ್ಬಂ ಕೊಡದಿರುವುದು ಯಾವ ಕಾನೂನಿನ, ಯಾವ ನೀತಿಯ ಪ್ರಕಾರವೂ ತಪ್ಪಲ್ಲ. 1998ರಲ್ಲಿ ನಾವು ಕೊಟ್ಟ ಹಣಕ್ಕೆ 1998ರಲ್ಲೇ ಆಲ್ಬಂ ಸಿಕ್ಕಿತು, ಬಾಕಿ ಏನೂ ಉಳಿದಿಲ್ಲ. ಸೋಲ್ ಗಾಯಕ ಬಿಲ್ ವಿದರ್ಸ್ 1985ರ ನಂತರ ಸ್ಟುಡಿಯೊ ಆಲ್ಬಂ ಮಾಡಲೇ ಇಲ್ಲ, ಅದನ್ನು ಜನ ಆತ್ಮಗೌರವ ಎಂದರು. ಡಿ'ಆಂಜೆಲೊ 2000ರ ಆಲ್ಬಂ ಆದ ಮೇಲೆ ಮುಂದಿನದಕ್ಕೆ 14 ವರ್ಷ ತೆಗೆದುಕೊಂಡರು, 2025ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಆ ಮೌನವನ್ನೂ ದಂತಕಥೆಯ ಹಾಗೆ ನೆನೆದರು. ಲಾರಿನ್ ಆಲ್ಬಂನಲ್ಲಿ ಅವರೂ ಜೊತೆಗೆ ಹಾಡಿದ್ದರು. ಗಂಡಸು ಸುಮ್ಮನಿದ್ದರೆ ತಪಸ್ಸು, ಹೆಂಗಸು ಸುಮ್ಮನಿದ್ದರೆ ಸಾಲ ತೀರಿಸದವಳು. ಹೆಸರಾಂತ ಸೋಲ್ ಗಾಯಕರಲ್ಲಿ ಇಷ್ಟು ವರ್ಷ ಲೆಕ್ಕ ಕೇಳಿಸಿಕೊಂಡವರು ಬೇರೊಬ್ಬರು ನನಗೆ ನೆನಪಾಗುತ್ತಿಲ್ಲ.

ಹಾಡುಗಳನ್ನು ಬದಲಿಸಿ ಹಾಡುವ ವಿಷಯಕ್ಕೆ ಬರೋಣ. ವೇದಿಕೆಯ ಮೇಲೆ ಅವರು ಹಳೆಯ ಹಾಡುಗಳ ವೇಗ ಏರಿಸುತ್ತಾರೆ, ತಾಳ ಬದಲಿಸುತ್ತಾರೆ, ವಾದ್ಯಗಳನ್ನು ದಟ್ಟವಾಗಿ ತುಂಬುತ್ತಾರೆ. ಜೊತೆಗೆ ಹಾಡಲೆಂದು ಬಂದವರಿಗೆ ಪಲ್ಲವಿ ಯಾವಾಗ ಬಂತೆಂದೇ ತಿಳಿಯುವುದಿಲ್ಲ. ಹೊಸ ಆಲ್ಬಂ ಇಲ್ಲದ್ದರಿಂದ ಇರುವ ಹಾಡುಗಳನ್ನೇ ಆ ಹೊತ್ತಿನ ಮನಸ್ಸಿಗೆ ತಕ್ಕಂತೆ ಹೊಸದು ಮಾಡುತ್ತೇನೆ, ನಾನೇನು ಯಂತ್ರವೇ ಎಂಬ ಅರ್ಥದಲ್ಲಿ ಅವರು 2018ರ ಲೇಖನದಲ್ಲಿ ಬರೆದರು. ಒಂದೇ ರಾಗವನ್ನು ಒಬ್ಬರೇ ಗಾಯಕರು ಇಂದು ಹಾಡಿದ ಹಾಗೆ ನಾಳೆ ಹಾಡುವುದಿಲ್ಲ ಎಂಬುದನ್ನು ಕೇಳಿಯೇ ಬೆಳೆದ ನಮಗೆ ಇದರಲ್ಲಿ ಅಪರಾಧ ಕಾಣುವುದು ಕಷ್ಟ. ಆದರೆ ಧ್ವನಿಮುದ್ರಿಕೆಯ ಲೋಕದಲ್ಲಿ ಮೂಲ ಎಂದರೆ ಮನೆಯಲ್ಲಿ ಸಾವಿರ ಸಲ ಕೇಳಿದ ಆ ತಟ್ಟೆ. ಅಲ್ಲಿಯ ಒಂದು ಉಸಿರು ಹೆಚ್ಚುಕಡಿಮೆಯಾದರೂ ಏನೋ ಕಳೆದುಕೊಂಡ ಹಾಗಾಗುತ್ತದೆ. ಆ ನೋವು ಸುಳ್ಳಲ್ಲ. ಎಲ್ಲ ಬದಲಾವಣೆಯೂ ಚೆನ್ನಾಗಿದೆ ಎಂದೂ ನಾನು ಹೇಳುವುದಿಲ್ಲ. ಎಷ್ಟೋ ಸಲ ವಾದ್ಯಗಳ ಗದ್ದಲದಲ್ಲಿ ಅವರ ದನಿಯೇ ಮುಳುಗಿಹೋಗುತ್ತದೆ. ಅದು ಸಂಗೀತದ ಬಗೆಗಿನ ತಕರಾರು, ಮೋಸ ಹೋದವರ ದೂರು ಅಲ್ಲ.

ತಡವಾಗಿ ಬರುವುದು ಹಾಗಲ್ಲ. 2016ರ ಮೇ ತಿಂಗಳ ಅಟ್ಲಾಂಟಾ ಕಛೇರಿಯನ್ನೇ ನೋಡಿ. ಚಾಸ್ಟೇನ್ ಪಾರ್ಕಿನ ಬಯಲು ರಂಗಮಂದಿರ, ಸುತ್ತಲೂ ಮನೆಗಳು, ರಾತ್ರಿ 11ಕ್ಕೆ ಶಬ್ದ ನಿಲ್ಲಿಸಲೇಬೇಕು. ಎರಡು ಗಂಟೆಗೂ ಹೆಚ್ಚು ತಡವಾಗಿ ಬಂದ ಲಾರಿನ್ ಸುಮಾರು 40 ನಿಮಿಷ ಹಾಡುವಷ್ಟರಲ್ಲಿ ಮೈಕ್ ಬಂದ್ ಆಯಿತು. ತನ್ನೊಳಗಿನ ಶಕ್ತಿಯನ್ನು ಗಡಿಯಾರದ ಸಮಯಕ್ಕೆ ಹೊಂದಿಸಿಕೊಳ್ಳುವುದು ತನಗೆ ಸವಾಲು ಎಂದು ಅವರು ಆಮೇಲೆ ವಿವರಿಸಿದರು, ಕಳೆದುಕೊಂಡದ್ದನ್ನು ತುಂಬಿಕೊಡುವ ಮಾತನ್ನೂ ಆಡಿದರು. ಅವರ ಬಗ್ಗೆ ನನಗೆ ಎಷ್ಟು ಗೌರವವಿದ್ದರೂ ಈ ವಿವರಣೆ ನನಗೆ ಸಾಲದು. ಆ ಬಯಲಲ್ಲಿ ಕೂತವರು ಹೊಸ ಆಲ್ಬಂ ಕೇಳಲು ಹೋದವರಲ್ಲ, ಹಾಡು ಹೀಗೆಯೇ ಇರಲಿ ಎಂದವರೂ ಅಲ್ಲ. ಮಗುವನ್ನು ನೋಡಿಕೊಳ್ಳುವವರಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಬಂದಿರುತ್ತಾರೆ. ಬೆಳಗ್ಗೆ ಪಾಳಿಗೆ ಹೋಗಬೇಕಾದ ದಾದಿಯಿರುತ್ತಾಳೆ, ದೂರದೂರಿಂದ ಕಾರು ಓಡಿಸಿಕೊಂಡು ಬಂದವರಿರುತ್ತಾರೆ. ಬಹುಪಾಲು ಅವರದೇ ಜನ, ಅವರ ಹಾಡಿನಲ್ಲಿ ತಮ್ಮ ಬದುಕನ್ನು ಕೇಳಿಸಿಕೊಂಡ ಹೆಂಗಸರು. ಟಿಕೆಟ್ಟಿನ ಮೇಲೆ ಒಂದು ಸಮಯ ಅಚ್ಚಾಗಿದೆ, ಅದು ಕೊಟ್ಟ ಮಾತು. ತನ್ನ ಸಮಯ ತನ್ನದು ಎಂದು ಉದ್ಯಮದ ವಿರುದ್ಧ ಇಷ್ಟು ವರ್ಷ ಹೋರಾಡಿದ ಹೆಣ್ಣುಮಗಳಿಗೆ ಇನ್ನೊಬ್ಬರ ಸಮಯದ ಬೆಲೆ ತಿಳಿಯದಿರಲು ಸಾಧ್ಯವಿಲ್ಲ. 2024ರಲ್ಲಿ ಟಿಕೆಟ್ ಕೊಳ್ಳಲು ಜನ ಹಿಂಜರಿದಿದ್ದರೆ ಅದಕ್ಕೆ ತಲೆಬರಹಗಳಷ್ಟೇ ಕಾರಣ ಎಂದು ನಾನು ಒಪ್ಪಲಾರೆ.

ಇಷ್ಟಾದರೂ ಆ ಅನ್‌ಪ್ಲಗ್ಡ್ ಹಾಡುಗಳು ಬೇರೆ ಕಡೆ ಮೊಳಕೆಯೊಡೆದವು. ಕಾನ್ಯೆ ವೆಸ್ಟ್ 2004ರ ತನ್ನ ಮೊದಲ ಆಲ್ಬಂಗೆ ಅದರದೊಂದು ತುಣುಕು ಬಳಸಲು ಹೊರಟು, ಅನುಮತಿ ಸಿಗದೆ, ಸಿಲೀನಾ ಜಾನ್ಸನ್ ಅವರಿಂದ ಅದನ್ನು ಹಾಡಿಸಿಕೊಂಡ. ಲಾರಿನ್ ಅವರ ಮಗ ವೈಜಿ ಮಾರ್ಲಿ ತನ್ನ ಅಜ್ಜನ ಹಾಡಿನ ತುಣುಕಿನ ಮೇಲೆ ಕಟ್ಟಿದ ಗೀತೆ 2024ರಲ್ಲಿ ಜಗತ್ತಿನ ತುಂಬ ಓಡಿತು. ಅದರ ರಚನೆಯಲ್ಲಿ ತಾಯಿಯ ಕೈಯಿದೆ.

ಬದಲಾವಣೆಯ ದೂರಿಗೆ ಸಂಬಂಧಿಸಿದ ಒಂದು ಮಾತು ಉಳಿದಿದೆ. 1996ರಲ್ಲಿ ಲಾರಿನ್ ಅವರನ್ನು ಜಗತ್ತಿಗೆ ಪರಿಚಯಿಸಿದ ಫ್ಯೂಜೀಸ್ ಹಾಡು 'ಕಿಲ್ಲಿಂಗ್ ಮಿ ಸಾಫ್ಟ್‌ಲಿ' ಅವರದಲ್ಲ. 1972ರಲ್ಲಿ ಲೋರಿ ಲೀಬರ್‌ಮನ್ ಅದನ್ನು ಸರಳ ಜಾನಪದದ ಧಾಟಿಯಲ್ಲಿ ಹಾಡಿದ್ದರು. ರೋಬರ್ಟಾ ಫ್ಲ್ಯಾಕ್ ಅದನ್ನು ಕೇಳಿ, ತಾಳ ಬದಲಿಸಿ, ಸ್ವರಮೇಳ ಬದಲಿಸಿ 1973ರಲ್ಲಿ ತನ್ನದಾಗಿಸಿಕೊಂಡರು. ಫ್ಯೂಜೀಸ್ ತಂಡ ಅದಕ್ಕೆ ಹಿಪ್‌ಹಾಪ್ ನಡೆ ಕೊಟ್ಟು ಮೂರನೇ ಸಲ ಹುಟ್ಟಿಸಿತು. ಇದ್ದ ಹಾಗೆಯೇ ಹಾಡು ಎಂದು ಅಂದು ಯಾರಾದರೂ ಪಟ್ಟು ಹಿಡಿದಿದ್ದರೆ ಲಾರಿನ್ ಹಿಲ್ ಎಂಬ ಹೆಸರೇ ನಮಗೆ ತಲುಪುತ್ತಿರಲಿಲ್ಲ.

ಫ್ಲ್ಯಾಕ್ 2025ರ ಫೆಬ್ರವರಿ 24ರಂದು ತೀರಿಕೊಂಡರು. ಮಾರ್ಚಿನಲ್ಲಿ ಹಾರ್ಲೆಮ್‌ನ ಅಬಿಸಿನಿಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅವರ ನೆನಪಿನ ಸಭೆ ನಡೆಯಿತು. 13ರ ಹುಡುಗಿಯನ್ನು ಸಭೆ ಹುಯ್ಯೋ ಎಂದು ಕೂಗಿದ ಅಪೊಲೊ ರಂಗಮಂದಿರ ಅಲ್ಲಿಂದ ಹೆಚ್ಚು ದೂರವಿಲ್ಲ. ಲಾರಿನ್ ಬಂದರು, ಹಳೆಯ ಗೆಳೆಯ ವೈಕ್ಲೆಫ್ ಜೀನ್ ಜೊತೆಗಿದ್ದರು, ಆ ಹಾಡನ್ನೇ ಹಾಡಿದರು.